ಶಾಲಾ ಜೀವಶಾಸ್ತ್ರ ಪರೀಕ್ಷೆ ಅಳೆಯುವ ಕೌಶಲಗಳು: ನರೇಗಲ್ ಸೀಮೆಯ ಹಿನ್ನೆಲೆಯಲ್ಲಿ

ಜೀವಶಾಸ್ತ್ರದ ಶಾಲಾ ಪರೀಕ್ಷೆ ಎರಡು ಸಂಗತಿಗಳನ್ನು ಒಟ್ಟಿಗೆ ಅಳೆಯುತ್ತದೆ. ಪಾಠದಲ್ಲಿ ಇದ್ದದ್ದು ವಿದ್ಯಾರ್ಥಿಗೆ ಗೊತ್ತಿದೆಯೇ ಎಂಬುದು ಒಂದು. ಗೊತ್ತಿರುವುದನ್ನು ಬಳಸಿಕೊಂಡು ಆ ವಿದ್ಯಾರ್ಥಿ ಏನು ಮಾಡಬಲ್ಲ ಎಂಬುದು ಇನ್ನೊಂದು. ಎರಡನೆಯದನ್ನು ಕೌಶಲ ಎನ್ನುತ್ತಾರೆ. ಕಾರಣ ಕೊಡುವುದು, ಹೋಲಿಸುವುದು, ಚಿತ್ರ ಬರೆದು ಭಾಗಗಳನ್ನು ಗುರುತಿಸುವುದು, ಕೋಷ್ಟಕ ಓದಿ ತೀರ್ಮಾನಕ್ಕೆ ಬರುವುದು, ಪ್ರಯೋಗವೊಂದನ್ನು ರೂಪಿಸುವುದು ಇವೆಲ್ಲ ಅದರೊಳಗೆ ಬರುತ್ತವೆ. ಕರ್ನಾಟಕದ ಎಸ್‌ಎಸ್‌ಎಲ್‌ಸಿ ವಿಜ್ಞಾನ ಪತ್ರಿಕೆಯ ನೀಲನಕ್ಷೆಯೂ ಸ್ಮರಣೆ, ತಿಳುವಳಿಕೆ, ಅನ್ವಯ, ಕೌಶಲ ಎಂಬ ಅಂಕಣಗಳನ್ನು ಹಾಕಿಕೊಂಡು ಅಂಕಗಳನ್ನು ಹಂಚುತ್ತದೆ. ಆದರೆ ಪ್ರಶ್ನೆ ಯಾವ ಅಂಕಣದಲ್ಲಿ ಕೂತಿದೆ ಎಂದು ನೋಡಿ ಅದು ಅಳೆಯುವ ಕೌಶಲವನ್ನು ಹೇಳಲು ಬರುವುದಿಲ್ಲ. ಆ ಪ್ರಶ್ನೆಗೂ ವಿದ್ಯಾರ್ಥಿ ಈಗಾಗಲೇ ಬರೆದು ರೂಢಿ ಮಾಡಿಕೊಂಡ ಉತ್ತರಕ್ಕೂ ನಡುವಿನ ದೂರವೇ ಅದನ್ನು ತೀರ್ಮಾನಿಸುತ್ತದೆ. ಗದಗ ಜಿಲ್ಲೆಯ ನರೇಗಲ್ಲಿನಂಥ ಊರಿನ ಹೈಸ್ಕೂಲು ಹುಡುಗ ಹುಡುಗಿಯರ ಮಟ್ಟಿಗೆ ಈ ಮಾತು ಏನು ಹೇಳುತ್ತದೆ ಎಂಬುದು ಇಲ್ಲಿನ ವಿಷಯ. (ಹಾನಗಲ್ ತಾಲೂಕಿನಲ್ಲಿಯೂ ಒಂದು ನರೇಗಲ್ ಇದೆ. ಇಲ್ಲಿ ಹೇಳುತ್ತಿರುವುದು ಹಿಂದೆ ರೋಣ ತಾಲೂಕಿಗೆ ಸೇರಿದ್ದು, ಈಗ ಗಜೇಂದ್ರಗಡ ತಾಲೂಕಿನಲ್ಲಿರುವ ಪಟ್ಟಣ.)

ನೀಲನಕ್ಷೆಯ ಈ ಅಂಕಣಗಳು ಕರ್ನಾಟಕದಲ್ಲಿ ಹುಟ್ಟಿದವಲ್ಲ. ಅಮೆರಿಕದ ಶಿಕ್ಷಣ ಮನೋವಿಜ್ಞಾನಿ ಬೆಂಜಮಿನ್ ಬ್ಲೂಮ್ ಮತ್ತು ಸಂಗಡಿಗರು 1956ರಲ್ಲಿ ಕಲಿಕೆಯ ಉದ್ದೇಶಗಳನ್ನು ಜ್ಞಾನದಿಂದ ಮೌಲ್ಯನಿರ್ಣಯದವರೆಗೆ ಆರು ಮೆಟ್ಟಿಲುಗಳಲ್ಲಿ ಜೋಡಿಸಿದರು. 2001ರಲ್ಲಿ ಆಂಡರ್ಸನ್ ಮತ್ತು ಕ್ರ್ಯಾತ್‌ವೋಲ್ ಅದನ್ನು ಪರಿಷ್ಕರಿಸಿದರು. ಬ್ಲೂಮ್ 1957ರಲ್ಲಿ ಭಾರತಕ್ಕೇ ಬಂದು ಪರೀಕ್ಷಾ ಸುಧಾರಣೆಯ ಕಮ್ಮಟಗಳನ್ನು ನಡೆಸಿದ್ದರು. ಅದಕ್ಕೂ ಮೊದಲೇ, 1952–53ರ ಮುದಲಿಯಾರ್ ಆಯೋಗ ನಮ್ಮ ಪ್ರೌಢಶಾಲಾ ಪರೀಕ್ಷೆಗಳು ಬಾಯಿಪಾಠಕ್ಕೆ ಕೊಡುವ ಬೆಲೆಯನ್ನು ಟೀಕಿಸಿತ್ತು. ಹೀಗೆ ಎಪ್ಪತ್ತು ವರ್ಷಗಳಿಂದ ದೂರೂ ಒಂದೇ, ಮದ್ದೂ ಒಂದೇ: ಪ್ರಶ್ನೆಗಳನ್ನು ಉದ್ದೇಶವಾರು ವಿಂಗಡಿಸಿ, ಮೇಲಿನ ಮೆಟ್ಟಿಲಿಗೆ ಹೆಚ್ಚು ಅಂಕ ಕೊಡಿ ಎಂಬುದು. ವಿಂಗಡಣೆ ನಡೆದಿದೆ, ದೂರು ಹಾಗೆಯೇ ಉಳಿದಿದೆ. ಇದಕ್ಕೆ ಶಿಕ್ಷಕರ ಆಲಸ್ಯವನ್ನೋ ಪರೀಕ್ಷಾ ಮಂಡಳಿಯ ಉದಾಸೀನವನ್ನೋ ಹೊಣೆ ಮಾಡುವುದು ಸುಲಭ. ದೋಷ ಇನ್ನೂ ಆಳದಲ್ಲಿದೆ. ಪ್ರಶ್ನೆಯ ಮಟ್ಟ ಪ್ರಶ್ನೆಯೊಳಗೇ ಇರುತ್ತದೆಂದು ಈ ವಿಂಗಡಣೆ ನಂಬಿಕೊಂಡಿದೆ.

ಹತ್ತನೆಯ ತರಗತಿಯ ‘ಜೀವಕ್ರಿಯೆಗಳು’ ಪಾಠವನ್ನೇ ತೆಗೆದುಕೊಳ್ಳಬಹುದು. ಎರಡು ಕುಂಡಗಳ ಸಸ್ಯಗಳನ್ನು ಗಾಜಿನ ಜಾಡಿಗಳಡಿ ಮುಚ್ಚಿ, ಒಂದರ ಬದಿಗೆ ಮಾತ್ರ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಇಟ್ಟು, ಆಮೇಲೆ ಎಲೆಗಳಿಗೆ ಅಯೋಡಿನ್ ಹಾಕಿ ಪಿಷ್ಟವನ್ನು ಪರೀಕ್ಷಿಸುವ ಚಟುವಟಿಕೆ ಅಲ್ಲಿದೆ. ‘ಈ ಪ್ರಯೋಗದಲ್ಲಿ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಬಳಸುವುದೇಕೆ?’ ಎಂದು ಕೇಳಿದರೆ ನೀಲನಕ್ಷೆ ಅದನ್ನು ತಿಳುವಳಿಕೆಯ ಅಂಕಣಕ್ಕೆ ಸೇರಿಸುತ್ತದೆ. ಇಂಗಾಲದ ಡೈಆಕ್ಸೈಡನ್ನು ಹೀರಲು ಎಂಬ ಉತ್ತರ ಪಠ್ಯದಲ್ಲಿದೆ, ಗೈಡಿನಲ್ಲಿದೆ, ಪಾಸಿಂಗ್ ಪ್ಯಾಕೇಜಿನಲ್ಲಿದೆ, ಪೂರ್ವಸಿದ್ಧತಾ ಪರೀಕ್ಷೆಯ ಮಾದರಿ ಉತ್ತರದಲ್ಲೂ ಇದೆ. ನಾಲ್ಕನೆಯ ಸಲ ಬರೆಯುವ ಹೊತ್ತಿಗೆ ಅಲ್ಲಿ ಉಳಿದಿರುವುದು ಸ್ಮರಣೆಯೊಂದೇ. ಅದೇ ಪ್ರಯೋಗದಲ್ಲಿ ಎರಡೂ ಜಾಡಿಗಳಿಗೆ ಕಪ್ಪು ಬಟ್ಟೆ ಹೊದಿಸಿದರೆ ಫಲಿತಾಂಶ ಏನಾಗುತ್ತದೆ, ಆಗ ಈ ಪ್ರಯೋಗದಿಂದ ಇಂಗಾಲದ ಡೈಆಕ್ಸೈಡಿನ ಬಗ್ಗೆ ಏನಾದರೂ ಹೇಳಬಹುದೇ ಎಂದು ಕೇಳಿ ನೋಡಿ. ಇದಕ್ಕೆ ಹೊಸ ಪಾಠ ಬೇಡ. ಎರಡು ಜಾಡಿಗಳ ನಡುವೆ ಒಂದೇ ಒಂದು ವ್ಯತ್ಯಾಸ ಇರಬೇಕಿತ್ತೆಂದೂ, ಬೆಳಕೇ ಇಲ್ಲದಿದ್ದರೆ ಎರಡೂ ಎಲೆಗಳಲ್ಲಿ ಹೊಸದಾಗಿ ಪಿಷ್ಟ ತಯಾರಾಗದೆ ಹೋಲಿಕೆ ವ್ಯರ್ಥವಾಗುತ್ತದೆಂದೂ ವಿದ್ಯಾರ್ಥಿಯೇ ಕಂಡುಕೊಳ್ಳಬೇಕು. ಪಾಠ ಅದೇ, ಬೇಕಾದ ಮಾಹಿತಿಯೂ ಅದೇ. ವಿದ್ಯಾರ್ಥಿಯ ಬುದ್ಧಿ ಮಾಡುವ ಕೆಲಸ ಮಾತ್ರ ಬೇರೆಯದು. ಹೃದಯದ ಪ್ರಶ್ನೆಯ ಕಥೆಯೂ ಇದೇ. ಹೃತ್ಕುಕ್ಷಿಗಳ ಭಿತ್ತಿ ಹೃತ್ಕರ್ಣಗಳ ಭಿತ್ತಿಗಿಂತ ದಪ್ಪ ಏಕೆ ಎಂಬುದಕ್ಕೆ ಪಠ್ಯವೇ ಉತ್ತರ ಕೊಡುತ್ತದೆ. ಎಡ ಹೃತ್ಕುಕ್ಷಿಯ ಭಿತ್ತಿ ಬಲದ್ದಕ್ಕಿಂತಲೂ ದಪ್ಪ, ಇದನ್ನು ರಕ್ತ ಸಾಗುವ ದೂರಕ್ಕೆ ಹೊಂದಿಸಿ ವಿವರಿಸಿ ಎಂದರೆ ಅದೇ ತತ್ವವನ್ನು ಒಂದು ಹೆಜ್ಜೆ ಮುಂದಕ್ಕೆ ಒಯ್ಯಬೇಕಾಗುತ್ತದೆ. ಪ್ರಶ್ನೆಯ ಕ್ರಿಯಾಪದದಿಂದ ಇದನ್ನು ತಿಳಿಯಲಾಗುವುದಿಲ್ಲ. ‘ಹೆಸರಿಸಿ’ ಎಂಬ ಪ್ರಶ್ನೆಯೂ ಎಂದೂ ಕಂಡಿರದ ಚಿತ್ರವನ್ನು ಮುಂದಿಟ್ಟು ಕೇಳಿದರೆ ಯೋಚನೆಗೆ ಹಚ್ಚುತ್ತದೆ, ‘ವಿಶ್ಲೇಷಿಸಿ’ ಎಂಬ ಪ್ರಶ್ನೆಯೂ ಮೂರು ವರ್ಷ ಬಂದದ್ದೇ ಬಂದರೆ ಬಾಯಿಪಾಠವನ್ನು ಒಪ್ಪಿಸಿಕೊಳ್ಳುತ್ತದೆ.

ಈ ಎಡವಟ್ಟು ಎಲ್ಲಕ್ಕಿಂತ ಎದ್ದು ಕಾಣುವುದು ಚಿತ್ರಗಳಲ್ಲಿ. ನೀಲನಕ್ಷೆಯಲ್ಲಿ ‘ಕೌಶಲ’ ಎಂಬ ಅಂಕಣವನ್ನು ಜೀವಶಾಸ್ತ್ರದ ಮಟ್ಟಿಗೆ ಬಹುಪಾಲು ತುಂಬುವುದು ಚಿತ್ರ ಬರೆಯುವ ಪ್ರಶ್ನೆ: ಹೃದಯದ ನೀಳಛೇದ, ಮೆದುಳಿನ ನೀಳಛೇದ, ನೆಫ್ರಾನ್, ನರಕೋಶ, ಪತ್ರರಂಧ್ರ, ಹೂವಿನ ನೀಳಛೇದ. ಬರುವ ಚಿತ್ರಗಳು ಎಣಿಕೆಗೆ ಸಿಗುವಷ್ಟೇ ಆದ್ದರಿಂದ ಫೆಬ್ರವರಿ ತಿಂಗಳೆಲ್ಲ ಅವನ್ನು ಬರೆಸಿ ಬರೆಸಿ ಕೈಗೆ ಕೂರಿಸುತ್ತಾರೆ. ಜೀವವಿಜ್ಞಾನಿಗೆ ಚಿತ್ರ ಬರೆಯುವುದು ನೋಡುವ ಒಂದು ವಿಧಾನ. ಕೊಯ್ದ ಹೂವನ್ನು ಎದುರಿಗಿಟ್ಟುಕೊಂಡು, ಕೇಸರಗಳು ಎಷ್ಟು, ಅವು ದಳಕ್ಕೆ ಅಂಟಿವೆಯೇ ಬಿಡಿಯಾಗಿವೆಯೇ, ಅಂಡಾಶಯ ದಳಗಳ ಮೇಲಿದೆಯೇ ಕೆಳಗಿದೆಯೇ ಎಂದು ಕಂಡದ್ದನ್ನೇ ಗೆರೆಯಲ್ಲಿ ಹಿಡಿಯುವುದು. ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ ವಿದ್ಯಾರ್ಥಿಗಳನ್ನು ಕಾಡುಮೇಡಿಗೆ ಕರೆದೊಯ್ದ ಸಸ್ಯಶಾಸ್ತ್ರ ಪ್ರವಾಸಗಳಿಂದ ಹುಟ್ಟಿದ ಪುಸ್ತಕ. ಅಲ್ಲಿ ಸಸ್ಯವನ್ನು ಗುರುತಿಸುವುದೆಂದರೆ ಎದುರಿಗಿರುವುದನ್ನು ನೋಡುವುದೇ. ಪರೀಕ್ಷೆಯ ಚಿತ್ರಕ್ಕೆ ಹೂವೇ ಬೇಕಾಗಿಲ್ಲ, ಪಠ್ಯದ ಪುಟವೊಂದು ಮನಸ್ಸಿನಲ್ಲಿದ್ದರೆ ಸಾಕು. ಪಠ್ಯದಲ್ಲಿಲ್ಲದ ಹೂವಿನ ಛೇದವನ್ನು ಮುದ್ರಿಸಿ ಕೊಟ್ಟು, ಇದರಲ್ಲಿ ಸ್ವಕೀಯ ಪರಾಗಸ್ಪರ್ಶಕ್ಕೆ ಯಾವ ರಚನೆ ಅಡ್ಡಿಯಾಗಬಹುದು ಎಂದು ಕೇಳಿದರೆ ಪತ್ರಿಕೆಯಲ್ಲಿ ಒಂದು ಚಿತ್ರ ಹೆಚ್ಚಾಗುತ್ತದೆ, ಅಷ್ಟೇ ಖರ್ಚು.

ಪರೀಕ್ಷೆಯ ರೂಪ ಬದಲಾದರೆ ಕೌಶಲವೂ ಬದಲಾಗುತ್ತದೆ ಎಂಬುದಕ್ಕೆ ರಾಜ್ಯ ಕಂಡ ದೊಡ್ಡ ನಿದರ್ಶನ 2021ರದ್ದು. ಕೋವಿಡ್ ಕಾರಣದಿಂದ ಆ ವರ್ಷ ಗಣಿತ, ವಿಜ್ಞಾನ, ಸಮಾಜ ವಿಜ್ಞಾನ ಮೂರನ್ನೂ ಒಂದೇ ಪತ್ರಿಕೆಗೆ ಸೇರಿಸಿ, ವಿಷಯಕ್ಕೆ 40 ಅಂಕದಂತೆ 120 ಅಂಕಗಳಿಗೆ, ಜುಲೈ 19ರಂದು ಬಹುಆಯ್ಕೆ ಪ್ರಶ್ನೆಗಳ ಪರೀಕ್ಷೆ ನಡೆಯಿತು. ವಿದ್ಯಾರ್ಥಿಗಳು ಓಎಂಆರ್ ಹಾಳೆಯಲ್ಲಿ ಉತ್ತರ ತುಂಬಿದರು. ಪರೀಕ್ಷೆಗೆ ಕೂತವರನ್ನು ಅನುತ್ತೀರ್ಣಗೊಳಿಸುವುದಿಲ್ಲ ಎಂದು ಮೊದಲೇ ತೀರ್ಮಾನವಾಗಿದ್ದರಿಂದ ಆ ಫಲಿತಾಂಶದಿಂದ ಕಲಿಕೆಯ ಬಗ್ಗೆ ಏನನ್ನೂ ಹೇಳಲಾಗದು. ಪ್ರಶ್ನೆಯ ರೂಪದ ಬಗ್ಗೆ ಮಾತ್ರ ಒಂದು ವಿಷಯ ತಿಳಿಯುತ್ತದೆ. ಒಂದೇ ವರ್ಷದ ಮಟ್ಟಿಗೆ ಎಸ್‌ಎಸ್‌ಎಲ್‌ಸಿ ಜೀವಶಾಸ್ತ್ರದಿಂದ ಚಿತ್ರ ಬರೆಯುವುದು ಮಾಯವಾಯಿತು, ವಾಕ್ಯ ಕಟ್ಟಿ ವಿವರಿಸುವುದು ಮಾಯವಾಯಿತು, ಕೊಟ್ಟ ನಾಲ್ಕರಲ್ಲಿ ಸರಿಯಾದುದನ್ನು ಆರಿಸುವುದೊಂದೇ ಉಳಿಯಿತು. ಪಾಠಗಳು ಬಹುಮಟ್ಟಿಗೆ ಹಿಂದಿನ ವರ್ಷದವೇ ಆಗಿದ್ದವು. ಬಹುಆಯ್ಕೆ ಎಂದರೆ ಕೀಳು ಎಂದಲ್ಲ. ಚೆನ್ನಾಗಿ ಹೊಸೆದ ಆಯ್ಕೆಗಳು ವಿದ್ಯಾರ್ಥಿಯ ತಪ್ಪು ಕಲ್ಪನೆಯನ್ನು ಪ್ರಬಂಧರೂಪದ ಉತ್ತರಕ್ಕಿಂತ ಬೇಗ ಬಯಲಿಗೆ ತರುತ್ತವೆ. ಆದರೂ ಆ ವರ್ಷದ ವಿಜ್ಞಾನದ ಅಂಕವನ್ನೂ ಹಿಂದಿನ ವರ್ಷದ ಅಂಕವನ್ನೂ ಪಕ್ಕಪಕ್ಕದಲ್ಲಿಟ್ಟು ತೂಗುವವರು ಎರಡು ಬೇರೆ ಸಾಮರ್ಥ್ಯಗಳನ್ನು ತೂಗುತ್ತಿರುತ್ತಾರೆ.

2024ರ ನಿದರ್ಶನ ಇನ್ನೂ ಚುರುಕಿನದು. ಆ ವರ್ಷ ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಹಾಕಿ ವೆಬ್‌ಕಾಸ್ಟಿಂಗ್ ಮೂಲಕ ಕಣ್ಗಾವಲಿಟ್ಟಿತು. ಹಿಂದಿನ ವರ್ಷ 83.89 ಇದ್ದ ಶೇಕಡಾವಾರು ಫಲಿತಾಂಶ, ಕೃಪಾಂಕ ಹೆಚ್ಚಿಸಿದ ಮೇಲೂ, 73.40ಕ್ಕೆ ಇಳಿಯಿತು. ಇದನ್ನು ನಕಲಿನ ಪುರಾವೆ ಎಂದು ಎಲ್ಲರೂ ಓದಿದರು, ಓದಿದ್ದರಲ್ಲಿ ತಪ್ಪೂ ಇಲ್ಲ. ಆದರೆ ಚೀಟಿಯಲ್ಲಿ ಬರೆದುಕೊಂಡು ಹೋಗಬಹುದಾದ ಉತ್ತರ ಯಾವುದು ಎಂದೂ ಕೇಳಬೇಕಲ್ಲ? ನೆಫ್ರಾನಿನ ಭಾಗಗಳು ಚೀಟಿಯಲ್ಲಿ ಹಿಡಿಯುತ್ತವೆ, ಹಾರ್ಮೋನುಗಳ ಹೆಸರುಗಳೂ ಹಿಡಿಯುತ್ತವೆ. ಪತ್ರಿಕೆಯಲ್ಲೇ ಮುದ್ರಿಸಿದ ಹೊಸ ಕೋಷ್ಟಕವನ್ನು ಓದಿ ತೀರ್ಮಾನ ಬರೆಯಿರಿ ಎಂಬ ಪ್ರಶ್ನೆಗೆ ಚೀಟಿಯಲ್ಲಿ ಏನು ಬರೆದುಕೊಂಡು ಹೋಗುವುದು? ಪಕ್ಕದ ಬೆಂಚಿನ ಪಿಸುಮಾತು ಅದಕ್ಕೂ ನೆರವಾಗಬಹುದು, ನಿಜ. ಅಷ್ಟಾದರೂ, ಒಂದು ಪತ್ರಿಕೆಗೆ ಎಷ್ಟು ಕಾವಲು ಬೇಕಾಗುತ್ತದೆ ಎಂಬುದು ಅದು ಎಷ್ಟರಮಟ್ಟಿಗೆ ನೆನಪನ್ನು ಮಾತ್ರ ಕೇಳುತ್ತಿದೆ ಎಂಬುದರ ಒರಟು ಅಳತೆಯೂ ಹೌದು.

ಹೊಸತನವುಳ್ಳ ಪ್ರಶ್ನೆಗೆ ಸಾಮಗ್ರಿ ಎಲ್ಲಿಂದ ತರಬೇಕು? ನರೇಗಲ್ಲಿನ ಮಟ್ಟಿಗೆ ದೂರ ಹೋಗಬೇಕಾಗಿಲ್ಲ. ಅಬ್ಬಿಗೇರಿ, ಜಕ್ಕಲಿ, ಹಾಲಕೆರೆಗಳ ಎರೆಹೊಲಗಳಲ್ಲಿ ಹಿಂಗಾರಿಗೆ ಕಡಲೆ, ಬಿಳಿಜೋಳ, ಕುಸುಬೆ ನಿಲ್ಲುತ್ತವೆ. ಕಡಲೆ ಗಿಡದ ಎಲೆ, ಕಾಂಡ, ಕಾಯಿಗಳ ಮೇಲಿನ ಗ್ರಂಥಿರೋಮಗಳು ಮ್ಯಾಲಿಕ್ ಮತ್ತು ಆಕ್ಸಾಲಿಕ್ ಆಮ್ಲ ಸ್ರವಿಸುತ್ತವೆ. ಬೆಳಗಿನ ಹೊತ್ತು ಕಡಲೆ ಹೊಲ ಹೊಕ್ಕವರ ಕೈಗೆ ತಾಗುವ ಹುಳಿ ಅದೇ. ಬೇರಿನ ಗಂಟುಗಳಲ್ಲಿ ರೈಜೋಬಿಯಂ ಇದೆ. ಕಾಯಿಕೊರಕ ಹುಳು ಇದೆ, ಅದನ್ನು ಹೆಕ್ಕುವ ಹಕ್ಕಿಗಳಿವೆ. ಎಳ್ಳ ಅಮವಾಸ್ಯೆಗೆ ಹೊಲಕ್ಕೆ ಹೋಗಿ ಚರಗ ಚೆಲ್ಲುವುದು ಈ ಸೀಮೆಯ ಹಳೆಯ ವಾಡಿಕೆ. ಚೆಲ್ಲಿದ ಅನ್ನಕ್ಕೆ ಬಂದ ಹಕ್ಕಿಗಳು ಹುಳುವನ್ನೂ ತಿಂದು ಬೆಳೆ ಉಳಿಸುತ್ತವೆ ಎಂಬ ವಿವರಣೆ ಚಾಲ್ತಿಯಲ್ಲಿದೆ. ಇದನ್ನು ಎರಡು ವಾಕ್ಯಗಳಲ್ಲಿ ಹೇಳಿ, ಈ ವಿವರಣೆ ನಿಜವೇ ಎಂದು ಪರೀಕ್ಷಿಸಲು ಪ್ರಯೋಗವೊಂದನ್ನು ರೂಪಿಸಿ ಎಂದು ಕೇಳಬಹುದು. ಒಳ್ಳೆಯ ಉತ್ತರದಲ್ಲಿ ಒಂದೇ ದಿನ ಬಿತ್ತಿದ, ಒಂದೇ ತಳಿಯ ಹಲವು ತಾಕುಗಳಿರುತ್ತವೆ. ಕೆಲವಕ್ಕೆ ಚರಗ, ಕೆಲವಕ್ಕೆ ಇಲ್ಲ. ಮೊದಲು ಮತ್ತು ಆಮೇಲೆ ಗಿಡವೊಂದಕ್ಕೆ ಎಷ್ಟು ಹುಳು ಎಂದು ಎಣಿಕೆ ಇರುತ್ತದೆ, ಔಷಧಿ ಹೊಡೆದ ಹೊಲವನ್ನು ಬಿಟ್ಟಿರುತ್ತಾರೆ. ಚರಗದ ಹೊಲದಿಂದ ಪಕ್ಕದ ಹೊಲಕ್ಕೆ ಹಕ್ಕಿ ಹಾರದಂತೆ ತಡೆಯುವುದು ಹೇಗೆ ಎಂಬ ತೊಡಕನ್ನು ಗಮನಿಸಿದ ಹುಡುಗಿಗೆ ಪೂರ್ಣಾಂಕ ಕೊಟ್ಟರೂ ಕಡಿಮೆಯೇ. ಇದೇ ಜಿಲ್ಲೆಯ ಮಾಗಡಿ ಕೆರೆ 2024ರಲ್ಲಿ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿದೆ. ಅಲ್ಲಿಗೆ ಚಳಿಗಾಲದಲ್ಲಿ ಬರುವ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಬರುವಂಥವು, ಅವುಗಳ ಹಿಮೋಗ್ಲೋಬಿನ್ ಆಮ್ಲಜನಕವನ್ನು ಬಿಗಿಯಾಗಿ ಹಿಡಿಯುತ್ತದೆ. ಇಷ್ಟು ಮಾಹಿತಿ ಕೊಟ್ಟು, ಇದರಿಂದ ಎತ್ತರದ ಹಾರಾಟಕ್ಕೆ ಏನು ಪ್ರಯೋಜನ ಎಂದು ಕೇಳಿದರೆ ಉಸಿರಾಟದ ಪಾಠ ಪುಸ್ತಕದಿಂದ ಹೊರಬರುತ್ತದೆ. ಗದಗ ಜಿಲ್ಲೆಯ ಅಂತರ್ಜಲದಲ್ಲಿ ಫ್ಲೋರೈಡ್ ತೊಂದರೆ ಇದೆ. ಕುಡಿಯುವ ನೀರಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ಲೀಟರಿಗೆ 1.5 ಮಿಲಿಗ್ರಾಂ. ಐದು ಕೊಳವೆಬಾವಿಗಳ ಫ್ಲೋರೈಡ್ ಪ್ರಮಾಣ, ಆ ನೀರು ಕುಡಿಯುವ ಮಕ್ಕಳಲ್ಲಿ ಹಲ್ಲಿಗೆ ಕಲೆ ಬಿದ್ದವರ ಸಂಖ್ಯೆ ಇರುವ ಒಂದು ಕೋಷ್ಟಕವಿದ್ದರೆ, ಎರಡು ಸಂಗತಿಗಳು ಒಟ್ಟಿಗೆ ಏರುವುದಕ್ಕೂ ಒಂದು ಇನ್ನೊಂದಕ್ಕೆ ಕಾರಣವಾಗುವುದಕ್ಕೂ ಇರುವ ಅಂತರವನ್ನು ಹತ್ತನೆಯ ತರಗತಿಯಲ್ಲೇ ಕೇಳಬಹುದು.

ಇದಕ್ಕೆ ಬರುವ ಮೊದಲ ಆಕ್ಷೇಪಣೆ ಹಗುರದ್ದಲ್ಲ. ಟ್ಯೂಷನ್ ಇಲ್ಲದ, ಶಾಲೆ ಬಿಟ್ಟ ಮೇಲೆ ಹೊಲದ ಕೆಲಸಕ್ಕೂ ಕೈಹಚ್ಚುವ ಮಕ್ಕಳಿಗೆ ಊಹಿಸಬಹುದಾದ ಪತ್ರಿಕೆಯೇ ದೊಡ್ಡ ಆಸರೆ. ಯಾವ ಪ್ರಶ್ನೆ ಬರುತ್ತದೆಂದು ಗೊತ್ತಿದ್ದರೆ ಶ್ರಮದಿಂದ ಅಂಕ ಗಳಿಸಬಹುದು. ಹೊಸತನ ತಂದರೆ ನಗರದ ಕೋಚಿಂಗ್ ಮಕ್ಕಳು ಮುಂದೆ ಹೋಗುತ್ತಾರೆ, ಹಳ್ಳಿಯವರು ಪಾಸೂ ಆಗುವುದಿಲ್ಲ. ಈ ವಾದ ಪಾಸಾಗುವ ಅಂಕದ ಮಟ್ಟಿಗೆ ಸರಿ. ಆದ್ದರಿಂದ ಪತ್ರಿಕೆಯ ಒಂದು ಭಾಗ ಪರಿಚಿತವಾಗಿಯೇ ಇರಬೇಕು. ಅದರಾಚೆಗೆ ಈ ವಾದ ತಿರುಗಿ ಹೊಡೆಯುತ್ತದೆ. ಊಹಿಸಬಹುದಾದ ಪ್ರಶ್ನೆಗಳನ್ನು ಪಟ್ಟಿ ಮಾಡಿ ಉತ್ತರದ ಸಮೇತ ಮಾರುವುದರಲ್ಲೇ ಕೋಚಿಂಗ್ ಕೇಂದ್ರಗಳ ಜೀವ ಇರುವುದು. ಬೇಕಾದ ಮಾಹಿತಿಯನ್ನೆಲ್ಲ ಪ್ರಶ್ನೆಯೊಳಗೇ ಕೊಟ್ಟು, ಅದರ ಮೇಲೆ ಯೋಚಿಸಿ ಎನ್ನುವ ಪ್ರಶ್ನೆಯನ್ನು ಮುಂಗಡವಾಗಿ ಮಾರುವುದು ಕಷ್ಟ. ಇನ್ನೊಂದು ಎಚ್ಚರಿಕೆ ಇದಕ್ಕಿಂತ ಸೂಕ್ಷ್ಮವಾದದ್ದು. ಸ್ಥಳೀಯ ಸಂದರ್ಭ ಎಲ್ಲರಿಗೂ ಒಂದೇ ಅಲ್ಲ. ಕಡಲೆ ಹೊಲ ಕಾರವಾರದ ಮಗುವಿಗೆ ಅಪರಿಚಿತ. ಚರಗ ಚೆಲ್ಲಿ ಬೆಳೆದ ಮಗುವಿಗೆ ಅದು ಎಷ್ಟು ಪರಿಚಿತವೆಂದರೆ, ‘ಹಿರಿಯರು ಮಾಡಿಕೊಂಡು ಬಂದದ್ದು, ನಿಜವೇ ಇರಬೇಕು’ ಎಂದು ಪ್ರಯೋಗದ ಗೊಡವೆಗೇ ಹೋಗದೆ ಉತ್ತರ ಬರೆದುಬಿಡಬಹುದು. ರಾಜ್ಯಮಟ್ಟದ ಒಂದೇ ಪತ್ರಿಕೆಯಲ್ಲಿ ಸಂದರ್ಭವನ್ನು ಪೂರ್ತಿ ವಿವರಿಸಿ, ವರ್ಷಕ್ಕೊಂದು ಸೀಮೆಯಿಂದ ಆರಿಸಿಕೊಳ್ಳುವುದು ಇದಕ್ಕೆ ಇರುವ ದಾರಿ. ಹಾಗೆ ಮಾಡಿದರೆ ಪ್ರಶ್ನೆ ಉದ್ದವಾಗುತ್ತದೆ, ಓದುವ ಹೊರೆ ಹೆಚ್ಚುತ್ತದೆ. ಪತ್ರಿಕೆ ಓದಿಕೊಳ್ಳಲೆಂದು ಕೊಡುವ ಹೆಚ್ಚುವರಿ ಹದಿನೈದು ನಿಮಿಷ ಆಗಲಾದರೂ ಸಾರ್ಥಕವಾದೀತು.

ಎರಡನೆಯ ಆಕ್ಷೇಪಣೆ ಜೀವಶಾಸ್ತ್ರದ ಸ್ವಭಾವದ ಕುರಿತದ್ದು. ಭೌತಶಾಸ್ತ್ರದಲ್ಲಿ ನಾಲ್ಕು ಸೂತ್ರಗಳಿಂದ ನೂರು ಲೆಕ್ಕ ಬಿಡಿಸಬಹುದು. ಜೀವಶಾಸ್ತ್ರದಲ್ಲಿ ಹೆಸರುಗಳೇ ಸಂಪತ್ತು, ನೆನಪಿಲ್ಲದೆ ಯೋಚನೆಯೇ ಹುಟ್ಟುವುದಿಲ್ಲ ಎಂಬುದು. ಇದು ಬಹುಮಟ್ಟಿಗೆ ಒಪ್ಪಬೇಕಾದ ಮಾತು. ಅಪಧಮನಿ, ಅಭಿಧಮನಿಗಳ ಭೇದ ಗೊತ್ತಿಲ್ಲದವರು ರಕ್ತದೊತ್ತಡದ ಕೋಷ್ಟಕ ಓದಲಾರರು. ಇಂಗ್ಲೆಂಡಿನ ಜಿಸಿಎಸ್‌ಇ ಜೀವಶಾಸ್ತ್ರ ಕೂಡ ಶೇಕಡಾ 40 ಅಂಕಗಳನ್ನು ಜ್ಞಾನ ಮತ್ತು ತಿಳುವಳಿಕೆಗೇ ಇಡುತ್ತದೆ, ಇನ್ನೊಂದು 40 ಅನ್ವಯಕ್ಕೆ, ಉಳಿದ 20 ವಿಶ್ಲೇಷಣೆ ಮತ್ತು ಮೌಲ್ಯನಿರ್ಣಯಕ್ಕೆ. ಸ್ಮರಣೆಗೆ ಅಂಕ ಇರುವುದು ತಪ್ಪಲ್ಲ, ಸ್ಮರಣೆಯ ಅಂಕ ಅನ್ವಯದ ಹೆಸರಿನಲ್ಲಿ ಲೆಕ್ಕಕ್ಕೆ ಬರುವುದು ತಪ್ಪು. ಮೆಂಡೆಲ್ ಪಾಠದಲ್ಲಿ ಇದು ಸ್ಪಷ್ಟವಾಗುತ್ತದೆ. ಎತ್ತರ ಮತ್ತು ಗಿಡ್ಡ ಬಟಾಣಿಯ ಎರಡನೆಯ ಪೀಳಿಗೆಯ ಅನುಪಾತ 3:1 ಎಂದು ಬರೆಯುವುದು ಸ್ಮರಣೆ, ಅದಕ್ಕೊಂದು ಅಂಕ ಇರಲಿ. ಮೆಂಡೆಲ್ ನಿಜಕ್ಕೂ ಎಣಿಸಿದ್ದು 787 ಎತ್ತರದ, 277 ಗಿಡ್ಡ ಸಸ್ಯಗಳನ್ನು, ಅಂದರೆ ಅನುಪಾತ ಸುಮಾರು 2.84:1. ಬೀಜದ ಆಕಾರದಲ್ಲಿ 5,474 ದುಂಡು, 1,850 ಸುಕ್ಕು, ಅಲ್ಲಿ 2.96:1. ಈ ನಾಲ್ಕು ಸಂಖ್ಯೆಗಳನ್ನು ಮುದ್ರಿಸಿ, ಎರಡನೆಯದು 3ಕ್ಕೆ ಇನ್ನೂ ಹತ್ತಿರ ಬಂದಿರುವುದಕ್ಕೆ ಏನು ಕಾರಣವಿರಬಹುದು ಎಂದು ಕೇಳಿದರೆ, 3:1 ಬಾಯಿಪಾಠ ಮಾಡಿದವರೂ ಒಂದು ಕ್ಷಣ ನಿಲ್ಲಬೇಕಾಗುತ್ತದೆ. ಎಣಿಕೆ ದೊಡ್ಡದಾದಷ್ಟೂ ಆಕಸ್ಮಿಕದ ಪಾಲು ತಗ್ಗುತ್ತದೆ ಎಂಬ ಉತ್ತರಕ್ಕೆ ಮೊದಲ ಸ್ಮರಣೆ ಬೇಕು, ಆದರೆ ಅದೊಂದೇ ಸಾಲದು.

ಮೌಲ್ಯಮಾಪಕರ ಆಕ್ಷೇಪಣೆ ಮೂರನೆಯದು, ವ್ಯಾವಹಾರಿಕವಾದದ್ದು. ವರ್ಷಕ್ಕೆ ಎಂಟು ಲಕ್ಷಕ್ಕೂ ಹೆಚ್ಚು ವಿದ್ಯಾರ್ಥಿಗಳ ಉತ್ತರ ಪತ್ರಿಕೆಗಳನ್ನು ಕೆಲವೇ ದಿನಗಳಲ್ಲಿ ತಿದ್ದಬೇಕು, ಮುಕ್ತ ಉತ್ತರಗಳಿಗೆ ಒಬ್ಬರು ಮೂರು ಕೊಟ್ಟರೆ ಇನ್ನೊಬ್ಬರು ಒಂದು ಕೊಡುತ್ತಾರೆ, ಮರುಮೌಲ್ಯಮಾಪನದ ಅರ್ಜಿಗಳು ಬೀಳುತ್ತವೆ. ಇದಕ್ಕೆ ಉತ್ತರ ಮಂಡಳಿಯ ಪದ್ಧತಿಯಲ್ಲೇ ಅಡಗಿದೆ. ಈಗಲೂ ಮಾದರಿ ಉತ್ತರದಲ್ಲಿ ಅಂಶವಾರು ಅಂಕ ಹಂಚುತ್ತಾರೆ. ಚರಗದ ಪ್ರಶ್ನೆಗೆ ಹೋಲಿಕೆಯ ತಾಕಿಗೆ ಒಂದು, ಎಣಿಸುವ ವಿಧಾನಕ್ಕೆ ಒಂದು, ಸಮನಾಗಿ ಇಡಬೇಕಾದ ಒಂದು ಅಂಶವನ್ನಾದರೂ ಹೆಸರಿಸಿದ್ದಕ್ಕೆ ಒಂದು ಎಂದು ಹಂಚುವುದು ಹೃದಯದ ಚಿತ್ರಕ್ಕೆ ಅಂಕ ಹಂಚುವುದಕ್ಕಿಂತ ಕಷ್ಟವೇನಲ್ಲ. ಸಿಬಿಎಸ್‌ಇ ಹತ್ತನೆಯ ತರಗತಿಯ ಪತ್ರಿಕೆಗಳಲ್ಲಿ ಅರ್ಧದಷ್ಟು ಅಂಕವನ್ನು ಸಾಮರ್ಥ್ಯಾಧಾರಿತ ಪ್ರಶ್ನೆಗಳಿಗೆ ಮೀಸಲಿಟ್ಟಿದೆ. ಅಲ್ಲಿಯೂ ಲಕ್ಷಗಟ್ಟಲೆ ಉತ್ತರಪತ್ರಿಕೆಗಳನ್ನು ಶಿಕ್ಷಕರೇ ಕೂತು ತಿದ್ದುತ್ತಾರೆ. ಆದರೆ ಆ ಪ್ರಶ್ನೆಗಳೂ ಈಗ ಪ್ರಶ್ನೆಕೋಠಿಗಳಾಗಿ ಅಂಗಡಿಗೆ ಬಂದಿವೆ, ಅಂದರೆ ಅವುಗಳಿಗೂ ಹಳತಾಗುವ ಕಾಲ ದೂರವಿಲ್ಲ. ಹೊಸತನ ಒಮ್ಮೆ ತಂದು ಬಿಟ್ಟರೆ ಮುಗಿಯುವ ಸುಧಾರಣೆಯಲ್ಲ, ಪ್ರತಿವರ್ಷ ದುಡಿಯಬೇಕಾದ ಕೆಲಸ. ಪ್ರಶ್ನೆಪತ್ರಿಕೆ ತಯಾರಿಸುವವರಿಗೆ ಅದಕ್ಕೆ ತಕ್ಕ ಸಮಯ, ಸಂಭಾವನೆ ಎರಡೂ ಬೇಕು.

ನರೇಗಲ್ಲಿನಿಂದ ಪಿಯುಸಿ ವಿಜ್ಞಾನಕ್ಕೆ ಹೋದ ವಿದ್ಯಾರ್ಥಿಗೆ ಇದೇ ಜೀವಶಾಸ್ತ್ರ ಮೂರು ಮುಖ ತೋರಿಸುತ್ತದೆ. ದ್ವಿತೀಯ ಪಿಯುಸಿಯಲ್ಲಿ 70 ಅಂಕದ ಲಿಖಿತ ಪತ್ರಿಕೆ ವಿಷಯವನ್ನು ಕ್ರಮವಾಗಿ ಬರೆದು ನಿರೂಪಿಸುವುದನ್ನು ಕೇಳುತ್ತದೆ, 30 ಅಂಕದ ಪ್ರಾಯೋಗಿಕ ಪರೀಕ್ಷೆ ಸ್ಲೈಡು ಗುರುತಿಸುವುದನ್ನೂ ಉಪಕರಣ ಬಳಸುವುದನ್ನೂ ಕೇಳುತ್ತದೆ. ಕೆಸಿಇಟಿಯಲ್ಲಿ 60 ಪ್ರಶ್ನೆಗಳಿಗೆ 80 ನಿಮಿಷ. ನೀಟ್‌ನಲ್ಲಿ ಒಟ್ಟು 720 ಅಂಕಗಳಲ್ಲಿ ಅರ್ಧ ಜೀವಶಾಸ್ತ್ರದ್ದೇ, ತಪ್ಪು ಉತ್ತರಕ್ಕೆ ಅಂಕ ಕಡಿತವೂ ಇದೆ. ಹಾಗಾಗಿ ಅಲ್ಲಿ ಗೊತ್ತಿಲ್ಲದುದನ್ನು ಬಿಡುವ ವಿವೇಕವೂ ಅಳತೆಗೆ ಬರುವ ಕೌಶಲವೇ. ಪಿಯುಸಿಯಲ್ಲಿ ತೊಂಬತ್ತು ಬಂದವರು ನೀಟ್‌ನಲ್ಲಿ ಹಿಂದೆ ಬಿದ್ದರೆ ಊರಲ್ಲಿ ಓದು ಸಾಲಲಿಲ್ಲ ಎನ್ನುತ್ತಾರೆ. ಅವರು ಓದಿದ್ದು ಇನ್ನೊಂದು ಕೌಶಲಕ್ಕಾಗಿ ಎಂಬುದು ಹೆಚ್ಚು ಸರಿಯಾದ ವಿವರಣೆ.

ಮೂರೇಕಾಲು ಗಂಟೆಯ ಯಾವ ಪತ್ರಿಕೆಯೂ ಅಳೆಯಲಾರದ ಕೌಶಲವೊಂದಿದೆ: ಕಾಲದುದ್ದಕ್ಕೂ ನೋಡುವುದು. ಎಸ್‌ಎಸ್‌ಎಲ್‌ಸಿಯ 100 ಅಂಕಗಳಲ್ಲಿ ಆಂತರಿಕ ಮೌಲ್ಯಮಾಪನಕ್ಕೆ ಇಟ್ಟ 20 ಅಂಕಗಳಿಗೆ ನಿಜವಾದ ಸಮರ್ಥನೆ ಇರುವುದು ಇಲ್ಲಿ. ಅಕ್ಟೋಬರಿನಲ್ಲಿ ಬಿತ್ತಿದ ಕಡಲೆ ಜನವರಿ, ಫೆಬ್ರವರಿಗೆ ಕೀಳಲು ಬರುತ್ತದೆ. ಶಾಲೆಯ ಎರಡನೆಯ ಅವಧಿಯೂ ಹೆಚ್ಚುಕಡಿಮೆ ಅಷ್ಟೇ. ಒಂದು ತಾಕಿನ ಹತ್ತು ಗಿಡಗಳನ್ನು ವಾರಕ್ಕೊಮ್ಮೆ ಅಳೆದು, ಹೂ ಬಿಟ್ಟ ದಿನ, ಕಾಯಿಕೊರಕ ಕಂಡ ದಿನ, ಬೇರಿನ ಗಂಟುಗಳ ಎಣಿಕೆ ಬರೆದಿಟ್ಟ ವಹಿಗೆ ಅಂಕ ಕೊಡಬಹುದು. ಆಂತರಿಕ ಅಂಕ ಎಲ್ಲರಿಗೂ ಉದಾರವಾಗಿ ಬೀಳುತ್ತದೆ, ಅದಕ್ಕೆ ಅರ್ಥವಿಲ್ಲ ಎಂಬ ದೂರು ಹಳೆಯದು, ಸುಳ್ಳೂ ಅಲ್ಲ. ಚಾರ್ಟು, ಮಾದರಿ, ಅಂಟಿಸಿದ ಚಿತ್ರಗಳಿಗೆ ಅಂಕ ಕೊಡುವವರೆಗೆ ಆ ದೂರು ನಿಲ್ಲುವುದಿಲ್ಲ, ಅವೆಲ್ಲ ಅಂಗಡಿಯಲ್ಲಿ ಸಿಗುತ್ತವೆ. ಹದಿನಾರು ವಾರಗಳ ಅಳತೆಗಳಿರುವ ವಹಿಯನ್ನೂ ಹಿಂದಿನ ರಾತ್ರಿ ಕೂತು ಕಲ್ಪಿಸಿ ಬರೆಯಬಹುದು. ಆದರೆ ಹಾಗೆ ಬರೆದ ವಹಿಯಲ್ಲಿ ಗಿಡಗಳೆಲ್ಲ ಒಂದೇ ಸಮ ಬೆಳೆದಿರುತ್ತವೆ, ಯಾವುದೂ ಸತ್ತಿರುವುದಿಲ್ಲ, ಯಾವ ವಾರವೂ ತಪ್ಪಿರುವುದಿಲ್ಲ. ಜೀವಶಾಸ್ತ್ರ ಬಲ್ಲ ಶಿಕ್ಷಕರಿಗೆ ಇಷ್ಟು ಸುಳಿವು ಸಾಕು.